ಡೈರಿಯಲ್ಲಿ ಖರ್ಚಿನ ಲೆಕ್ಕ ‘ಅಷ್ಟೇ’ ಇತ್ತೇ?

ನಮಸ್ಕಾರ.

ನಮ್ಮ ಪತ್ರಿಕೆಗೆ ನಿಮ್ಮ ಲೇಖನ ಬಂದು ಮೂರು ವಾರವಾಯಿತು. ಉತ್ತರ ತಡವಾಗಿದ್ದಕ್ಕೆ ಕೆಲಸದ ಒತ್ತಡ ಕಾರಣವಲ್ಲ. ಮೊದಲ ಸಲ ಓದಿದಾಗ ನನಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಉತ್ತರ ಬರೆಯಬಾರದು ಅಂತ ಪಕ್ಕಕ್ಕಿಟ್ಟೆ. ಆಮೇಲೆ ಎರಡು ಸಲ ಓದಿದೆ. ಸಿಟ್ಟು ಇಳಿದಿದೆ, ಪೂರ್ತಿ ಹೋಗಿಲ್ಲ. ಅದನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ.

ಮೊದಲು ಒಳ್ಳೆಯ ಮಾತು. ವಿಷಯ ಚೆನ್ನಾಗಿದೆ. ಕಾಗುಣಿತ ಶುದ್ಧವಾಗಿದೆ. ಮಕ್ಕಳ ಚಿತ್ರಪುಸ್ತಕಗಳ ಕ್ಯೂರಿಯಸ್ ಜಾರ್ಜ್ ಎಂಬ ಪುಟ್ಟ ಕೋತಿ ಬೆಂಗಳೂರಿನ ಎಷ್ಟೋ ಮಕ್ಕಳಿಗೆ ಗೊತ್ತು. ಆ ಕೋತಿಯನ್ನು ಕೊಟ್ಟ ಹಾನ್ಸ್ ರೇ ಮತ್ತು ಮಾರ್ಗರೆಟ್ ರೇ ಯಾರು, ಎಲ್ಲಿಂದ ಎಲ್ಲಿಗೆ ಹೋದರು ಅನ್ನುವುದು ಅವರ ಅಪ್ಪ ಅಮ್ಮಂದಿರಿಗೂ ಗೊತ್ತಿರುವುದಿಲ್ಲ. ಅದನ್ನು ಕನ್ನಡದಲ್ಲಿ ಹೇಳಬೇಕು ಅಂತ ನಿಮಗೆ ಅನಿಸಿತಲ್ಲ, ಅದಕ್ಕೆ ಅಭಿನಂದನೆ. ಲೇಖನದ ಉದ್ದ, ಶೀರ್ಷಿಕೆ, ಪ್ಯಾರಾಗಳ ಜೋಡಣೆ, ಇವುಗಳ ಬಗ್ಗೆ ಇಲ್ಲಿ ಮಾತಾಡುವುದಿಲ್ಲ. ಅವು ಸರಿಹೋಗುವ ಸಂಗತಿಗಳು.

ನನ್ನನ್ನು ಕೆರಳಿಸಿದ್ದು ನಾಲ್ಕನೇ ಪುಟ. ಕಂಪನಿ ಕೆಲಸದ ಮೇಲೆ ಅಮೆರಿಕಕ್ಕೆ ಹೋದಾಗ ಎರಡು ದಿನ ರಜೆ ಹಾಕಿ ಮಿಸಿಸಿಪ್ಪಿಯ ಹ್ಯಾಟಿಸ್‌ಬರ್ಗ್‌ಗೆ ಹೋದೆ ಅಂತ ಬರೆದಿದ್ದೀರಿ. ಅಲ್ಲಿನ ಡಿ ಗ್ರಮಂಡ್ ಮಕ್ಕಳ ಸಾಹಿತ್ಯ ಸಂಗ್ರಹದಲ್ಲಿ ಕೂತು ರೇ ದಂಪತಿಯ ಕಾಗದಪತ್ರಗಳ ಪೆಟ್ಟಿಗೆಗಳನ್ನು ತೆರೆಸಿ ನೋಡಿದ್ದೀರಿ. ಪೆನ್ನು ಹೊರಗಿಟ್ಟು ಪೆನ್ಸಿಲ್ ಮಾತ್ರ ಒಳಗೆ ತೆಗೆದುಕೊಂಡು ಹೋಗಿದ್ದೀರಿ. ನನಗೆ ಗೊತ್ತಿರುವ ಕನ್ನಡ ಲೇಖಕರಲ್ಲಿ ಬೇರೆ ಯಾರೂ ಅಲ್ಲಿಗೆ ಹೋಗಿಲ್ಲ. ಅಂಥ ಅವಕಾಶ ಸಿಕ್ಕಿದ ನೀವು, ಯುದ್ಧದ ಕಾಲದಲ್ಲಿ ಅವರು ಪ್ಯಾರಿಸ್ ಬಿಟ್ಟು ಹೊರಟ ಗಳಿಗೆಯ ಬಗ್ಗೆ ಅದೇ ಪುಟದಲ್ಲಿ ಬರೆದಿರುವುದು ಇದು:

“ಮುಂಜಾವಿನ ಮಂಜಿನಲ್ಲಿ ಹಾನ್ಸ್ ಒಮ್ಮೆ ಹಿಂತಿರುಗಿ ನೋಡಿದ. ಅವನ ಕಣ್ಣಂಚಿನಿಂದ ಹನಿಯೊಂದು ಜಾರಿತು. ಕೋತಿಯ ಚಿತ್ರಗಳನ್ನು ಎದೆಗವಚಿಕೊಂಡು ‘ಓ ಪ್ಯಾರಿಸ್, ನಿನ್ನನ್ನು ಮತ್ತೆ ಕಾಣುವೆನೋ ಇಲ್ಲವೋ’ ಎಂದು ಮನದಲ್ಲೇ ಅಂದುಕೊಂಡ.”

ಒಂದೊಂದೇ ವಾಕ್ಯ ನೋಡೋಣ.

‘ಹಿಂತಿರುಗಿ ನೋಡಿದ.’ ಯಾರು ಕಂಡರು? ಮಾರ್ಗರೆಟ್ ಎಲ್ಲಾದರೂ ಹೇಳಿದ್ದಾರಾ? ಹೇಳಿದ್ದರೆ ಆ ಮಾತನ್ನೇ ಕೊಡಿ, ಓದುಗರು ನಂಬುತ್ತಾರೆ. ಇಲ್ಲವಾದರೆ ಆ ವಾಕ್ಯ ಇರಕೂಡದು.

‘ಹನಿಯೊಂದು ಜಾರಿತು.’ ಆ ಹನಿ ನಿಮ್ಮದು, ಹಾನ್ಸ್ ಅವರದ್ದಲ್ಲ. ನಿಮಗೆ ಅಳು ಬಂದಿದ್ದರೆ ‘ನನಗೆ ಅಳು ಬಂತು’ ಅಂತ ಬರೆಯಿರಿ. ಸತ್ತವರ ಕಣ್ಣಿಗೆ ನಮ್ಮ ನೀರು ತುಂಬುವ ಹಕ್ಕು ನಮಗಿಲ್ಲ. ಅವರು ಬಂದು ‘ಹಾಗಾಗಲಿಲ್ಲ’ ಅಂತ ಹೇಳಲಾರರು.

‘ಎದೆಗವಚಿಕೊಂಡು.’ ಇದೇ ಪುಟದ ಮೇಲ್ಭಾಗದಲ್ಲಿ ಅವರು ಸೈಕಲ್ ಮೇಲೆ ಹೊರಟರು, ಹಸ್ತಪ್ರತಿಗಳು ಸೈಕಲ್‌ನ ಬುಟ್ಟಿಯಲ್ಲಿದ್ದವು ಅಂತ ನೀವೇ ಬರೆದಿದ್ದೀರಿ. ಸೈಕಲ್ ತುಳಿಯುವವರು ಎರಡು ಕೈಯಲ್ಲೂ ಹ್ಯಾಂಡಲ್ ಹಿಡಿದಿರುತ್ತಾರೆ. ಎದೆಗೆ ಅವಚಿಕೊಳ್ಳುವುದು ಹೇಗೆ? ಬರೆಯುವಾಗ ನಿಮಗೆ ಸೈಕಲ್ ಕಾಣಿಸಿಲ್ಲ. ಎಲ್ಲೋ ಓದಿದ ವಾಕ್ಯ ಕಾಣಿಸಿದೆ.

‘ಮನದಲ್ಲೇ ಅಂದುಕೊಂಡ.’ ಯಾವ ಭಾಷೆಯಲ್ಲಿ? ಸುಮ್ನೆ ಕೇಳುತ್ತಿಲ್ಲ. ಹಾನ್ಸ್ ಹುಟ್ಟಿದ್ದು 1898ರಲ್ಲಿ, ಜರ್ಮನಿಯ ಹ್ಯಾಂಬರ್ಗ್‌ನಲ್ಲಿ. ಯೆಹೂದಿ ಮನೆತನ. ಬ್ರೆಜಿಲ್‌ಗೆ ಹೋಗಿ ಸ್ನಾನದ ತೊಟ್ಟಿಗಳನ್ನು ಮಾರಿದವರು. 1935ರಲ್ಲಿ ಅಲ್ಲೇ ರಿಯೊದಲ್ಲಿ ತಮ್ಮೂರಿನವರೇ ಆದ ಮಾರ್ಗರೆಟ್‌ರನ್ನು ಮದುವೆಯಾದರು. ಆಮೇಲೆ ಪ್ಯಾರಿಸ್‌ನಲ್ಲಿ ನೆಲೆಸಿ ಅಲ್ಲಿನ ಪ್ರಕಾಶಕರಿಗೆ ಕೆಲಸ ಮಾಡಿದರು. ಪ್ಯಾರಿಸ್ ಬಿಡುವಾಗ ಕೈಯಲ್ಲಿದ್ದದ್ದು ಬ್ರೆಜಿಲ್‌ನ ಪಾಸ್‌ಪೋರ್ಟು. ಜರ್ಮನ್, ಪೋರ್ಚುಗೀಸ್, ಫ್ರೆಂಚ್, ಇಂಗ್ಲಿಷ್, ಇಷ್ಟು ಭಾಷೆಗಳ ನಡುವೆ ಬದುಕಿದ ಮನುಷ್ಯ ಮನಸ್ಸಿನಲ್ಲಿ ಯಾವ ಭಾಷೆಯಲ್ಲಿ ಮಾತಾಡಿಕೊಳ್ಳುತ್ತಿದ್ದರು ಅನ್ನುವುದು ನಿಜಕ್ಕೂ ದೊಡ್ಡ ಪ್ರಶ್ನೆ. ವಲಸೆ ಬಂದ ಬರಹಗಾರರ ವಿಷಯದಲ್ಲಿ ನಾನು ಮೊದಲು ಕೇಳುವ ಪ್ರಶ್ನೆಯೇ ಅದು. ನೀವು ಅವರ ಬಾಯಿಗೆ ನಮ್ಮ ಹಳೆಯ ನಾಟಕಗಳ ‘ಓ’ ಒಂದನ್ನು ಇಟ್ಟು ಮುಂದಕ್ಕೆ ಹೋಗಿಬಿಟ್ಟಿದ್ದೀರಿ.

ಇಷ್ಟಾದರೂ ಸಹಿಸಬಹುದಿತ್ತು. ಆರನೇ ಪುಟದಲ್ಲಿ ಒಂದು ಸಾಲಿದೆ: “ಹಾನ್ಸ್‌ನ ಪುಟ್ಟ ಜೇಬು ಡೈರಿಗಳಲ್ಲಿ ಕೆಲಸದ ಟಿಪ್ಪಣಿ, ಖರ್ಚುವೆಚ್ಚದ ಲೆಕ್ಕಗಳು ಇವೆ ಅಷ್ಟೇ.”

ಅಷ್ಟೇ! ಈ ಒಂದು ಪದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ ಅಂದುಕೊಳ್ಳಿ.

1940ರ ಜೂನ್. ಜರ್ಮನ್ ಸೇನೆ ಪ್ಯಾರಿಸ್‌ಗೆ ನುಗ್ಗಿದ್ದು ಆ ತಿಂಗಳ 14ರಂದು. ಊರಿಗೆ ಊರೇ ದಕ್ಷಿಣಕ್ಕೆ ಓಡುತ್ತಿದೆ. ರೇ ದಂಪತಿ ಸೈಕಲ್‌ನಲ್ಲಿ, ಆಮೇಲೆ ರೈಲಿನಲ್ಲಿ ಸ್ಪೇನ್ ದಾಟಿ ಲಿಸ್ಬನ್‌ಗೆ, ಅಲ್ಲಿಂದ ಹಡಗಿನಲ್ಲಿ ಬ್ರೆಜಿಲ್‌ಗೆ, ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ಗೆ ಮುಟ್ಟುತ್ತಾರೆ. ನಾಲ್ಕು ತಿಂಗಳು. ಅಂಥ ವರ್ಷದಲ್ಲೂ ಒಬ್ಬ ಮನುಷ್ಯ ಜೇಬಿನಿಂದ ಸಣ್ಣ ಡೈರಿ ತೆಗೆದು ಏನು ಕೊಂಡೆ, ಎಷ್ಟು ಕೊಟ್ಟೆ ಅಂತ ಬರೆಯುತ್ತಾರೆ. ನೀವು ಮಂಜಿನಲ್ಲಿ, ಕಣ್ಣೀರಿನಲ್ಲಿ ಹುಡುಕುತ್ತಿದ್ದ ಮನುಷ್ಯ ಆ ಲೆಕ್ಕದಲ್ಲಿದ್ದರು. ಡೈರಿ ನಿಮ್ಮ ಕೈಯಲ್ಲೇ ಇತ್ತು. ಅಕ್ಷರ ದೊಡ್ಡದೋ ಸಣ್ಣದೋ? ಯಾವ ಭಾಷೆ? ದೇಶ ಬದಲಾದಾಗ ಭಾಷೆಯೂ ಬದಲಾಯಿತಾ? ಯಾವ ದಿನ ಖಾಲಿ ಬಿಟ್ಟಿದ್ದಾರೆ? ನೋಡಿ ಬಂದವರು ನೀವು. ನಮಗೆ ಹೇಳಬೇಕಾದವರೂ ನೀವೇ.

ಇದು ನನ್ನನ್ನು ಯಾಕೆ ಇಷ್ಟು ಕಾಡುತ್ತದೆ ಅಂತ ಹೇಳಲೇಬೇಕು.

1984ರಲ್ಲಿ ಬೆಂಗಳೂರಿನ ಒಂದು ವಾರಪತ್ರಿಕೆಗೆ ಸೇರಿದ್ದೆ. ನನಗಾಗ ಇಪ್ಪತ್ಮೂರು ವರ್ಷ. ಒಬ್ಬ ಹಿರಿಯ ಚಿತ್ರಕಾರರು ತೀರಿಕೊಂಡರು. ಮಕ್ಕಳ ಕತೆ ಬರೆದು, ಅದಕ್ಕೆ ಚಿತ್ರವನ್ನೂ ತಾವೇ ಬರೆಯುತ್ತಿದ್ದವರು. ಹುಟ್ಟಿದ್ದು ಕುಂಭಕೋಣದ ಕಡೆ, ಮನೆಮಾತು ತಮಿಳು. ಚಿಕ್ಕ ವಯಸ್ಸಿನಲ್ಲಿ ಇಲ್ಲಿಗೆ ಬಂದು ಅಂಗಡಿ ಬೋರ್ಡುಗಳಿಗೆ ಅಕ್ಷರ ಬರೆಯುತ್ತಾ ಕನ್ನಡ ಕಲಿತವರು. ಅವರ ಬಗ್ಗೆ ಒಂದು ಪುಟ ಬರೆದುಕೊಂಡು ಬಾ ಅಂತ ನನ್ನನ್ನು ಚಾಮರಾಜಪೇಟೆಯ ಅವರ ಮನೆಗೆ ಕಳಿಸಿದರು.

ಅವರ ಹೆಂಡತಿ ಕಾಫಿ ಕೊಟ್ಟು ಒಂದು ತಗಡಿನ ಟ್ರಂಕು ತೆಗೆದರು. ಬ್ರಷ್ಷುಗಳು, ಅರ್ಧ ಮುಗಿದ ಚಿತ್ರಗಳು, ಮುದ್ರಣದ ಸತುವಿನ ಬ್ಲಾಕುಗಳು, ಕೆಳಗೆ ಉದ್ದನೆಯ ಲೆಕ್ಕದ ಪುಸ್ತಕಗಳು. ಒಂದನ್ನು ತಿರುವಿದೆ. ಮೊದಲ ಪುಟಗಳೆಲ್ಲ ತಮಿಳು. ಮಧ್ಯದಲ್ಲಿ ಅಲ್ಲೊಂದು ಇಲ್ಲೊಂದು ಕನ್ನಡ ಪದ: ಹಾಲು, ಬಾಡಿಗೆ, ನಿಬ್ಬು. ಕೊನೆಕೊನೆಗೆ ಪೂರ್ತಿ ಕನ್ನಡ. ಕಂಡೆ, ಮುಚ್ಚಿಟ್ಟೆ. ‘ಬರೀ ಲೆಕ್ಕ’ ಅಂದುಕೊಂಡೆ. ಕಚೇರಿಗೆ ಬಂದು ‘ಬಡತನದ ಬೆಂಕಿಯಲ್ಲಿ ಅರಳಿದ ಹೂವು’ ಅಂತ ಬರೆದೆ. ಹಸಿದ ಹೊಟ್ಟೆಯಲ್ಲಿ ಚಿಮಣಿ ದೀಪದ ಕೆಳಗೆ ಅವರು ಚಿತ್ರ ಬರೆಯುತ್ತಿದ್ದುದನ್ನು ಕಣ್ಣಾರೆ ಕಂಡವನ ಹಾಗೆ ವರ್ಣಿಸಿದೆ. ಕಚೇರಿಯಲ್ಲಿ ಎಲ್ಲರೂ ಮೆಚ್ಚಿದರು.

ಪತ್ರಿಕೆ ಕೊಡಲು ಹೋದಾಗ ಆ ಅಮ್ಮ ನಿಂತಲ್ಲೇ ಓದಿದರು. ಆಮೇಲೆ ಹೇಳಿದರು, “ನಾವು ಬಡವರಾಗಿರಲಿಲ್ಲ ಕಣಪ್ಪ. ಅವರು ಒಂದು ತಿಂಗಳೂ ಬಾಡಿಗೆ ತಪ್ಪಿಸಿದವರಲ್ಲ. ಪುಸ್ತಕದಲ್ಲಿ ಬರೆದಿದೆ. ನೀನು ಓದಲಿಲ್ವಾ?”

ನಾನು ಓದಿರಲಿಲ್ಲ. ಒಬ್ಬ ಮನುಷ್ಯ ಯಾವ ವರ್ಷ ಈ ಊರಿನವನಾದ ಅನ್ನುವುದು ಆ ಪುಸ್ತಕದಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ ಇತ್ತು. ಎರಡು ವರ್ಷ ಬಿಟ್ಟು ಧೈರ್ಯ ಮಾಡಿ ಮತ್ತೆ ಹೋದೆ. ಮನೆ ಖಾಲಿಯಾಗಿತ್ತು. ಆ ಅಮ್ಮ ಮಗನ ಮನೆಗೆ ಹೋಗಿದ್ದರು. ಟ್ರಂಕಿನಲ್ಲಿದ್ದ ಕಾಗದವನ್ನೆಲ್ಲ ಹಳೇ ಪೇಪರಿನವನಿಗೆ ತೂಕಕ್ಕೆ ಹಾಕಿದರು ಅಂತ ಪಕ್ಕದ ಮನೆಯವರು ಹೇಳಿದರು. ಎಷ್ಟೋ ಭಾನುವಾರ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ರಾಶಿಗಳಲ್ಲಿ ಹುಡುಕಿದೆ. ಒಂದು ಹಾಳೆಯೂ ಸಿಗಲಿಲ್ಲ. ಈಗಲೂ ಆ ದಾರಿಯಲ್ಲಿ ಹೋದರೆ ಉದ್ದನೆಯ ಲೆಕ್ಕದ ಪುಸ್ತಕಗಳ ಕಡೆ ಕಣ್ಣು ಹೋಗುತ್ತದೆ.

ಅದಕ್ಕೇ ನೀವು ಅರ್ಧ ಸಾಲಿನಲ್ಲಿ ಮುಗಿಸಿದ, ಆ ಹ್ಯಾಟಿಸ್‌ಬರ್ಗ್ ಸಂಗ್ರಹವನ್ನು ಕಟ್ಟಿದ ಲೀನಾ ಡಿ ಗ್ರಮಂಡ್ ನನಗೆ ದೊಡ್ಡವರಾಗಿ ಕಾಣುತ್ತಾರೆ. ಲೂಸಿಯಾನಾದಲ್ಲಿ ಶಾಲಾ ಗ್ರಂಥಾಲಯಗಳ ಮೇಲ್ವಿಚಾರಕಿಯಾಗಿ ನಿವೃತ್ತರಾದವರು. 1960ರ ದಶಕದ ಮಧ್ಯದಲ್ಲಿ ಹ್ಯಾಟಿಸ್‌ಬರ್ಗ್‌ನ ವಿಶ್ವವಿದ್ಯಾಲಯಕ್ಕೆ ಮಕ್ಕಳ ಸಾಹಿತ್ಯ ಕಲಿಸಲು ಬಂದರು. ಅಚ್ಚಾದ ಪುಸ್ತಕ ತೋರಿಸಿದರೆ ಸಾಲದು, ಅದು ಹೇಗೆ ಹುಟ್ಟಿತು ಅಂತ ಮಕ್ಕಳಿಗೆ ಪಾಠ ಮಾಡುವವರಿಗೆ ಗೊತ್ತಾಗಬೇಕು ಅನ್ನಿಸಿತು ಅವರಿಗೆ. ಲೇಖಕರಿಗೆ, ಚಿತ್ರಕಾರರಿಗೆ ಪತ್ರ ಬರೆದರು. ನಿಮ್ಮ ಕರಡು ಕೊಡಿ, ಮೂಲ ಚಿತ್ರ ಕೊಡಿ ಅಂತ ಕೇಳಿದರು. ಚಾಮರಾಜಪೇಟೆಯ ಆ ಮನೆಗೆ ಯಾರೂ ಅಂಥ ಪತ್ರ ಬರೆಯಲಿಲ್ಲ. ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ ಅವರ ಕಾಗದಪತ್ರಗಳು ಶಿಕಾಗೊ ವಿಶ್ವವಿದ್ಯಾಲಯದಲ್ಲಿವೆ. ಆರ್.ಕೆ. ನಾರಾಯಣ್ ಅವರ ಹಸ್ತಪ್ರತಿಗಳು ಬಾಸ್ಟನ್‌ನಲ್ಲಿವೆ. ಅಲ್ಲಾದರೂ ಉಳಿದಿವೆ ಅನ್ನುವ ಸಮಾಧಾನ ನನಗಿದೆ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. “ಪತ್ನಿಯ ಸಹಕಾರದಿಂದ ಹಾನ್ಸ್ ಈ ಸಾಧನೆ ಮಾಡಿದ.” ಮಾರ್ಗರೆಟ್ ಬಗ್ಗೆ ನೀವು ಬರೆದಿರುವುದು ಹೆಚ್ಚುಕಡಿಮೆ ಇಷ್ಟೇ. ಕಲಾಶಾಲೆಗೆ ಹೋಗಿ ಕಲಿತವರು ಮಾರ್ಗರೆಟ್, ಅದೂ ಜರ್ಮನಿಯ ಹೆಸರಾಂತ ಬೌಹೌಸ್‌ನಲ್ಲಿ. ಹಾನ್ಸ್ ತಾವೇ ಕಲಿತುಕೊಂಡವರು. ಚಿತ್ರ ಹಾನ್ಸ್ ಬರೆದರೆ ಕತೆಯನ್ನು ಕಟ್ಟಿ ಬರೆದವರು ಮಾರ್ಗರೆಟ್. 1941ರಲ್ಲಿ ಮೊದಲ ಪುಸ್ತಕ ಬಂದಾಗ ಮುಖಪುಟದಲ್ಲಿ ಹಾನ್ಸ್ ಹೆಸರು ಮಾತ್ರ ಇತ್ತು. ಆ ಮುಖಪುಟ ಮಾಡಿದ್ದನ್ನೇ ಎಂಬತ್ತು ವರ್ಷದ ಮೇಲೆ ನೀವೂ ಮಾಡಿದ್ದೀರಿ. ಪ್ಯಾರಿಸ್ ಬಿಡುವಾಗ ಅಂಗಡಿಯಲ್ಲಿ ಇಬ್ಬರು ತುಳಿಯುವ ಜೋಡಿ ಸೈಕಲ್ ಒಂದೇ ಸಿಕ್ಕಿತ್ತು. ಇಬ್ಬರೂ ತುಳಿದು ನೋಡಿದರು. ಮಾರ್ಗರೆಟ್ ‘ಆಗೋದಿಲ್ಲ’ ಅಂದರು. ಆಮೇಲೆ ಹಾನ್ಸ್ ಬಿಡಿಭಾಗ ತಂದು ಎರಡು ಸೈಕಲ್ ಜೋಡಿಸಿದರು. ಈ ಪ್ರಸಂಗ ನಿಮಗೆ ಗೊತ್ತಿದೆ, ಸೈಕಲ್ ಜೋಡಿಸಿದ್ದನ್ನು ಬರೆದಿದ್ದೀರಿ. ಬೇಡ ಅಂದ ಹೆಂಗಸನ್ನು ಬಿಟ್ಟಿದ್ದೀರಿ. ಹಾನ್ಸ್ 1977ರಲ್ಲಿ ಹೋದರು. ಮಾರ್ಗರೆಟ್ 1996ರವರೆಗೂ ಇದ್ದು ತಮ್ಮಿಬ್ಬರ ಕಾಗದಪತ್ರವೆಲ್ಲ ಆ ಸಂಗ್ರಹಕ್ಕೆ ಸೇರಬೇಕು ಅಂತ ಉಯಿಲು ಬರೆದಿಟ್ಟರು. ನೀವು ತೆರೆಸಿ ನೋಡಿದ ಪೆಟ್ಟಿಗೆಗಳು ನಿಮ್ಮವರೆಗೆ ಬಂದದ್ದು ಆ ಉಯಿಲಿನಿಂದ. ಅದಕ್ಕೆ ‘ಸಹಕಾರ’ ಅನ್ನುವ ಪದ ಸಾಲುತ್ತದಾ?

ಲೇಖನವನ್ನು ಈಗ ಹಾಕುತ್ತಿಲ್ಲ. ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಗುರುತು ಹಾಕಿ ಅಂಚೆಯಲ್ಲಿ ವಾಪಸ್ ಕಳಿಸಿದ್ದೇನೆ. ನಾಲ್ಕನೇ ಪುಟ ತೆಗೆದುಹಾಕಿ. ಡೈರಿಯಿಂದ ಶುರು ಮಾಡಿ. ಓದುವ ಕೋಣೆಯಲ್ಲಿ ನೀವು ಪೆನ್ಸಿಲ್‌ನಲ್ಲಿ ಏನೇನು ಗುರುತು ಮಾಡಿಕೊಂಡಿರೋ ಆ ನೋಟ್‌ಬುಕ್ಕನ್ನು ಮುಂದಿಟ್ಟುಕೊಂಡು ಬರೆಯಿರಿ. ನೋಟ್‌ಬುಕ್ ಇದೆ ತಾನೇ? ಇದ್ದರೆ ಲೇಖನಕ್ಕಿಂತ ಮುಂಚೆ ಅದನ್ನೇ ಹಿಡಿದುಕೊಂಡು ಒಂದು ದಿನ ಕಚೇರಿಗೆ ಬನ್ನಿ. ಶನಿವಾರ ಮಧ್ಯಾಹ್ನ ನಾನು ಇರುತ್ತೇನೆ. ಜೊತೆಯಲ್ಲಿ ಕೂತು ಓದೋಣ.

ಇಂತಿ,
ಸಂಪಾದಕ