ಓದುಗರ ಪ್ರಶ್ನೆ: ಎನಾಮೆಲ್ ಮತ್ತು ವಸ್ತು ರಸಾಯನಶಾಸ್ತ್ರ

ಪ್ರಶ್ನೆ: ವಸ್ತು ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಮುಗಿಸುತ್ತಿದ್ದೇನೆ. ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್‌ನ ಖನಿಜೀಕರಣದ (ಖನಿಜ ತುಂಬಿ ಗಟ್ಟಿಯಾಗುವ ಕ್ರಿಯೆಯ) ಕುರಿತು ಪೋಸ್ಟ್‌ಡಾಕ್ಟರಲ್ ಸಂಶೋಧನೆಗೆ ಅವಕಾಶ ಬಂದಿದೆ. ಇದು ದಂತವೈದ್ಯರ ಕ್ಷೇತ್ರವಲ್ಲವೇ? ರಸಾಯನಶಾಸ್ತ್ರಜ್ಞರಿಗೆ ಇಲ್ಲಿ ಮಾಡಲು ಏನು ಉಳಿದಿದೆ?
— ಒಬ್ಬ ಸಂಶೋಧನಾ ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ಉಳಿದಿರುವುದೇ ಹೆಚ್ಚು. ಎನಾಮೆಲ್‌ನ ತೂಕದಲ್ಲಿ ಸುಮಾರು ಶೇ 96ರಷ್ಟು ಖನಿಜ. ಅದರ ಬಹುಪಾಲು ಕಾರ್ಬೊನೇಟ್ ಬೆರೆತ ಹೈಡ್ರಾಕ್ಸಿಅಪಟೈಟ್ ಎಂಬ ಕ್ಯಾಲ್ಸಿಯಂ ಫಾಸ್ಫೇಟ್ ಖನಿಜ. ಇದನ್ನು ಕಟ್ಟುವ ಅಮೆಲೋಬ್ಲಾಸ್ಟ್ ಕೋಶಗಳು ಹಲ್ಲು ಹೊರಬರುವ ಹೊತ್ತಿಗೆ ನಶಿಸುವುದರಿಂದ, ಸವೆದ ಎನಾಮೆಲ್ ಮೂಳೆಯಂತೆ ಮತ್ತೆ ಬೆಳೆಯುವುದಿಲ್ಲ. ಹೈಡ್ರಾಕ್ಸಿಅಪಟೈಟನ್ನು ಪ್ರಯೋಗಾಲಯದಲ್ಲಿ ತಯಾರಿಸುವುದು ಕಷ್ಟವಲ್ಲ. ಆದರೆ ನೂಲು ಕೈಗೆ ಸಿಕ್ಕ ಮಾತ್ರಕ್ಕೆ ಇಳಕಲ್ ಸೀರೆ ನೇಯ್ದಂತಾಗುವುದಿಲ್ಲ. ಸುಮಾರು 50 ನ್ಯಾನೋಮೀಟರ್ ಅಗಲದ ನೀಳ ಸ್ಫಟಿಕಗಳು ಸಾವಿರಾರು ಸಂಖ್ಯೆಯಲ್ಲಿ ಒಂದೇ ದಿಕ್ಕಿಗೆ ಸೇರಿ, ಸುಮಾರು 5 ಮೈಕ್ರೋಮೀಟರ್ ದಪ್ಪದ ದಂಡಗಳಾಗಿ, ಆ ದಂಡಗಳು ಒಂದರೊಡನೊಂದು ಹೆಣೆದುಕೊಳ್ಳುವ ಬಗೆಯಲ್ಲಿಯೇ ಎನಾಮೆಲ್‌ನ ಬಲವಿದೆ.

ಈ ಜೋಡಣೆ ಹೇಗೆ ನಡೆಯುತ್ತದೆ ಎಂಬುದು ಅಪ್ಪಟ ರಸಾಯನಶಾಸ್ತ್ರದ ಪ್ರಶ್ನೆ. ಅಮೆಲೊಜೆನಿನ್ ಪ್ರೋಟೀನಿನ ಆಸರೆಯಲ್ಲಿ ಮೊದಲು ಅಸ್ಫಟಿಕ, ಅಂದರೆ ಕಣಗಳು ಕ್ರಮವಾಗಿ ಜೋಡಣೆಯಾಗದ, ಕ್ಯಾಲ್ಸಿಯಂ ಫಾಸ್ಫೇಟ್ ರೂಪುಗೊಂಡು, ಆಮೇಲೆ ಸ್ಫಟಿಕವಾಗುತ್ತದೆ. ಕೆಲಸ ಮುಗಿದಂತೆ ಎಂಎಂಪಿ-20 ಮತ್ತು ಕೆಎಲ್‌ಕೆ-4 ಕಿಣ್ವಗಳು ಆ ಪ್ರೋಟೀನನ್ನೇ ಕತ್ತರಿಸಿ, ಖನಿಜ ತುಂಬಿಕೊಳ್ಳಲು ಜಾಗ ತೆರವು ಮಾಡುತ್ತವೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ತಂಡವು 2020ರಲ್ಲಿ ಪರಮಾಣು ಮಟ್ಟದ ಚಿತ್ರಣದಿಂದ, ಮಾನವ ಎನಾಮೆಲ್‌ನ ಒಂದೊಂದು ಸ್ಫಟಿಕದ ಒಳತಿರುಳಿನ ಇಕ್ಕೆಲಗಳಲ್ಲೂ ಮೆಗ್ನೀಸಿಯಂ ಪದರಗಳಿವೆ, ಆ ತಿರುಳು ಆಮ್ಲದಲ್ಲಿ ಬೇಗ ಕರಗುತ್ತದೆ ಎಂದು ತೋರಿಸಿತು. ಹುಳುಕು ಹಲ್ಲಿನ ಮೂಲವನ್ನು ಇಷ್ಟು ಆಳದಲ್ಲಿ ಹುಡುಕಲು ನಿಮ್ಮಂಥವರೇ ಬೇಕು.

ಚೀನಾದ ಜೆಜಿಯಾಂಗ್ ವಿಶ್ವವಿದ್ಯಾಲಯದವರು 2019ರಲ್ಲಿ ಟ್ರೈಈಥೈಲಮೈನ್ ಎಂಬ ಸಾವಯವ ಸಂಯುಕ್ತದಿಂದ ಸ್ಥಿರಗೊಳಿಸಿದ ಕ್ಯಾಲ್ಸಿಯಂ ಫಾಸ್ಫೇಟ್ ಅಯಾನು ಗುಚ್ಛಗಳನ್ನು ಬಳಸಿ, ನಿಜವಾದ ಎನಾಮೆಲ್‌ನ ಮೇಲೆ ಅದರದೇ ವಿನ್ಯಾಸದ ಪದರವನ್ನು 48 ಗಂಟೆಗಳಲ್ಲಿ ಬೆಳೆಸಿದರು. ಆ ಪದರದ ದಪ್ಪ ಮೂರು ಮೈಕ್ರೋಮೀಟರ್‌ಗೂ ಕಡಿಮೆ. ದವಡೆಹಲ್ಲಿನ ತುದಿಯಲ್ಲಿ ಎನಾಮೆಲ್ ಎರಡು ಮಿಲಿಮೀಟರ್‌ಗೂ ಹೆಚ್ಚು ದಪ್ಪವಿರುತ್ತದೆ. ಆದ್ದರಿಂದ ಸುಂದರ ಪದರ ಬೆಳೆಸಿ ಚಿತ್ರ ಪ್ರಕಟಿಸುವ ಯೋಜನೆಗಿಂತ, ಅಸ್ಫಟಿಕದಿಂದ ಸ್ಫಟಿಕಕ್ಕೆ ತಿರುಗುವ ವೇಗವನ್ನು ಅಳೆಯುವ, ಬೆಳೆದ ಪದರವನ್ನು ಜೊಲ್ಲು ಮತ್ತು ಅಗಿಯುವ ಒತ್ತಡದಲ್ಲಿ ಪರೀಕ್ಷಿಸುವ ಯೋಜನೆಯನ್ನೇ ಆರಿಸಿಕೊಳ್ಳಿ ಎಂಬುದು ನನ್ನ ಖಚಿತ ಸಲಹೆ. ದಂತವೈದ್ಯರೊಬ್ಬರು ತಂಡದಲ್ಲಿದ್ದಾರೆಯೇ ಎಂದೂ ಮೊದಲೇ ಕೇಳಿ.

ಪ್ರಶ್ನೆ: ನಮ್ಮ ಕಡೆ ಕೊಳವೆಬಾವಿಯ ನೀರು ಕುಡಿದು ಬೆಳೆದ ಮಕ್ಕಳ ಹಲ್ಲುಗಳಲ್ಲಿ ಕಂದು ಕಲೆಗಳಿವೆ. ಇದಕ್ಕೂ ಖನಿಜೀಕರಣಕ್ಕೂ ಸಂಬಂಧವಿದೆಯೇ?
— ಒಬ್ಬ ಶಿಕ್ಷಕರು, ಪಾವಗಡ

ಉತ್ತರ: ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವ ನಿಮ್ಮ ಭಾಗದಲ್ಲಿ ಇದು ಬಹುಮಟ್ಟಿಗೆ ದಂತ ಫ್ಲೋರೋಸಿಸ್ ಇರಬಹುದು. ಎನಾಮೆಲ್ ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ ಫ್ಲೋರೈಡ್ ಅತಿಯಾದರೆ ಪ್ರೋಟೀನುಗಳು ಪೂರ್ತಿ ತೆರವಾಗದೆ ಎನಾಮೆಲ್ ಸರಂಧ್ರವಾಗಿ ಉಳಿಯುತ್ತದೆ. ಹಲ್ಲು ಹುಟ್ಟಿದ ಬಳಿಕ ಆ ರಂಧ್ರಗಳಲ್ಲಿ ಬಣ್ಣ ಹಿಡಿಯುತ್ತದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಶಾಲೆಯ ನೀರನ್ನು ಕೂಡಲೇ ಪರೀಕ್ಷೆಗೆ ಕೊಡಿ, ಮಕ್ಕಳನ್ನು ದಂತವೈದ್ಯರಿಗೆ ತೋರಿಸಿ.