ಮೀಟಿಂಗಿನಲ್ಲಿ ಎದ್ದು ನಿಂತು ಮಾತಾಡಲೇಬೇಕಾ?

ಪ್ರಶ್ನೆ: ಸಂಜೆಯಾದರೆ ಕುಡಿಯದೆ ಇರೋಕೆ ಆಗುತ್ತಿಲ್ಲ. ಬೆಳಗ್ಗೆ ಕೈ ನಡುಗುತ್ತದೆ, ಒಂದು ಗುಟುಕು ಹಾಕಿದರೆ ಸರಿಹೋಗುತ್ತದೆ. ಕುಡಿತ ಬಿಟ್ಟವರ ಗುಂಪಿಗೆ ಹೋಗು ಅಂತ ಗೆಳೆಯ ಹೇಳುತ್ತಿದ್ದಾನೆ. ಎಲ್ಲರ ಮುಂದೆ ನನ್ನ ಕಥೆ ಹೇಳಬೇಕಾ? ಗುರುತಿನವರು ಸಿಕ್ಕರೆ ಏನು ಗತಿ? ದೇವರ ಮೇಲೆ ನನಗೆ ನಂಬಿಕೆಯೂ ಇಲ್ಲ.
- ಹೆಸರು ಬೇಡ

ಉತ್ತರ: ಮೊದಲು ಕೈ ನಡುಗುವ ವಿಷಯ. ಇದು ಗುಂಪಿಗಿಂತ ಮುಂಚೆ ಡಾಕ್ಟರಿಗೆ ಹೇಳಬೇಕಾದದ್ದು. ದಿನವೂ ಜಾಸ್ತಿ ಕುಡಿದು ಅಭ್ಯಾಸವಾದ ಮೈ, ಏಕಾಏಕಿ ನಿಲ್ಲಿಸಿದರೆ ತಿರುಗಿ ಬೀಳುತ್ತದೆ. ಕೆಲವು ಗಂಟೆಗಳಲ್ಲೇ ನಡುಕ, ಬೆವರು ಶುರುವಾಗುತ್ತದೆ, ಮೊದಲ ಎರಡು ದಿನಗಳೊಳಗೆ ಕೆಲವರಿಗೆ ಫಿಟ್ಸ್ ಬರಬಹುದು, ಎರಡು ಮೂರನೇ ದಿನಕ್ಕೆ ಇಲ್ಲದ್ದು ಕಾಣುವುದು, ದಿಕ್ಕು ತಪ್ಪಿದ ಹಾಗೆ ಮಾತಾಡುವುದು ಆದರೆ ಅದು ಜೀವಕ್ಕೇ ಅಪಾಯ. ಇದನ್ನು ಹಟ ಹಿಡಿದು ಗೆಲ್ಲೋಕೆ ಆಗಲ್ಲ. ಡಾಕ್ಟರ ಹತ್ತಿರ ಎಷ್ಟು ಕುಡಿಯುತ್ತೀರಿ ಅನ್ನೋದನ್ನು ಅರ್ಧಕ್ಕೆ ಇಳಿಸದೆ ಹೇಳಿ (ಎಲ್ಲರೂ ಇಳಿಸಿಯೇ ಹೇಳುತ್ತಾರೆ, ಅವರಿಗೂ ಅದು ಗೊತ್ತು). ಕೆಲವರಿಗೆ ಕೆಲವು ದಿನ ಆಸ್ಪತ್ರೆಯಲ್ಲೇ ಇರಬೇಕಾಗುತ್ತದೆ.

ಇನ್ನು ಗುಂಪು. ಎಲ್ಲರಿಗೂ ಗೊತ್ತಿರುವುದು ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. 1935ರಲ್ಲಿ ಅಮೆರಿಕದ ಅಕ್ರನ್ ಊರಿನಲ್ಲಿ, ಕುಡಿತದಿಂದ ಸೋತುಹೋಗಿದ್ದ ಬಿಲ್ ವಿಲ್ಸನ್ ಮತ್ತು ಡಾಕ್ಟರ್ ಬಾಬ್ ಸ್ಮಿತ್ ಭೇಟಿಯಾದಾಗ ಶುರುವಾದದ್ದು. ಈಗ ಹೆಚ್ಚುಕಡಿಮೆ ಎಲ್ಲಾ ದೇಶಗಳಲ್ಲೂ ಇದೆ. ಫೀಸ್ ಇಲ್ಲ. ಸೇರೋಕೆ ಇರೋದು ಒಂದೇ ಷರತ್ತು, ಕುಡಿತ ಬಿಡಬೇಕು ಅನ್ನೋ ಆಸೆ. ಬಿಟ್ಟಿರಬೇಕು ಅಂತಲೂ ಇಲ್ಲ, ನೋಡಿ. ಅವರ ವೆಬ್‌ಸೈಟಿನಲ್ಲಿ ಅಥವಾ ಸಹಾಯವಾಣಿಯಲ್ಲಿ ಮೀಟಿಂಗಿನ ಜಾಗ, ಹೊತ್ತು ಸಿಗುತ್ತದೆ. ಆನ್‌ಲೈನ್ ಮೀಟಿಂಗೂ ಇವೆ, ಕ್ಯಾಮೆರಾ ಆಫ್ ಮಾಡಿಕೊಂಡು ಕೂತು ಕೇಳೋಕೆ ಸಾಮಾನ್ಯವಾಗಿ ಯಾರೂ ಬೇಡ ಅನ್ನಲ್ಲ. ಓಪನ್ ಮೀಟಿಂಗಿಗೆ ಯಾರು ಬೇಕಾದರೂ ಹೋಗಬಹುದು, ಕ್ಲೋಸ್ಡ್ ಅಂದರೆ ಕುಡಿತದ ತೊಂದರೆ ಇರುವವರಿಗೆ ಮಾತ್ರ. ಗೆಳೆಯನನ್ನು ಕರೆದುಕೊಂಡು ಹೋಗೋದಾದರೆ ಓಪನ್ ಮೀಟಿಂಗ್ ಹುಡುಕಿ.

ಮಾತಾಡಲೇಬೇಕು ಅಂತೇನಿಲ್ಲ. ನಿಮ್ಮ ಸರದಿ ಬಂದರೆ ‘ಇವತ್ತು ಸುಮ್ನೆ ಕೇಳ್ತೀನಿ’ ಅಂದರೆ ಆಯಿತು, ಮುಂದಿನವರು ಶುರು ಮಾಡುತ್ತಾರೆ. ಒಬ್ಬರು ಮಾತಾಡುವಾಗ ಮಧ್ಯೆ ಬಾಯಿ ಹಾಕುವುದು, ಬುದ್ಧಿ ಹೇಳುವುದು ಹೆಚ್ಚಿನ ಕಡೆ ಇರೋದಿಲ್ಲ. ಪೂರ್ತಿ ಹೆಸರು, ಕೆಲಸ ಯಾರೂ ಕೇಳಲ್ಲ. ಗುರುತಿನವರು ಸಿಕ್ಕರೆ ಅವರೂ ಅದೇ ಕಾರಣಕ್ಕೆ ಬಂದಿರುತ್ತಾರೆ, ಅಲ್ವಾ? ಆದರೆ ಓಪನ್ ಮೀಟಿಂಗಿಗೆ ಆ ಖಾತ್ರಿ ಇಲ್ಲ, ಅದರ ಚಿಂತೆ ಜಾಸ್ತಿ ಇದ್ದರೆ ಕ್ಲೋಸ್ಡ್‌ಗೇ ಹೋಗಿ.

ದೇವರ ವಿಷಯ ಮುಚ್ಚಿಡಲ್ಲ. ಕುಡಿತ ಬಿಡೋಕೆ ಎ.ಎ. ಹೇಳುವ 12 ಹೆಜ್ಜೆಗಳಲ್ಲಿ ಅರ್ಧಕ್ಕರ್ಧ ದೇವರು ಅಥವಾ ನಮಗಿಂತ ದೊಡ್ಡ ಶಕ್ತಿಯ ಮಾತೇ. ‘ನಾವು ಅರಿತಂತೆ’ ಅನ್ನೋ ಸಡಿಲಿಕೆ ಇದೆ, ನಂಬದವರೂ ಬೇಕಾದಷ್ಟು ಜನ ಗುಂಪನ್ನೇ ಆ ಶಕ್ತಿ ಅಂತ ಇಟ್ಟುಕೊಂಡು ನಡೆದಿದ್ದಾರೆ. ಅದೂ ಗಂಟಲಲ್ಲಿ ಇಳಿಯದಿದ್ದರೆ ಸ್ಮಾರ್ಟ್ ರಿಕವರಿ ಅನ್ನೋ ಬೇರೆ ಗುಂಪು ಇದೆ, 1994ರಿಂದ ನಡೆಯುತ್ತಿದೆ. ಅಲ್ಲಿ ದೇವರಿಲ್ಲ, ಹೆಜ್ಜೆಗಳಿಲ್ಲ. ಕುಡಿಯಬೇಕು ಅನ್ನಿಸಿದಾಗ ಆ ಯೋಚನೆಯನ್ನು ಹೇಗೆ ಹಿಡಿದು ನೋಡೋದು ಅಂತ ಕಲಿಸುತ್ತಾರೆ. 2020ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಪರಿಶೀಲಿಸುವ ಕೊಕ್ರೇನ್ ಸಂಸ್ಥೆ ಎ.ಎ. ಬಗ್ಗೆ ನಡೆದ 27 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು, ಒಟ್ಟು 10 ಸಾವಿರಕ್ಕೂ ಜಾಸ್ತಿ ಜನ. ಚಿಕಿತ್ಸೆ ಕೊಡುವವರು ಕ್ರಮವಾಗಿ ಎ.ಎ.ಗೆ ಜೋಡಿಸಿದವರಲ್ಲಿ ಪೂರ್ತಿ ಬಿಟ್ಟು ಉಳಿದವರು ಬೇರೆ ಚಿಕಿತ್ಸೆಗಳಿಗಿಂತ ಜಾಸ್ತಿ ಇದ್ದರು. ಹಾಗಾಗಿ ‘ಅದೆಲ್ಲ ಬರೀ ಭಜನೆ’ ಅಂತ ತಳ್ಳಿಹಾಕಬೇಡಿ.

ಒಂದು ಮೀಟಿಂಗ್ ನೋಡಿ ತೀರ್ಮಾನಕ್ಕೆ ಬರಬೇಡಿ. ಒಂದು ಕಡೆ ಹಳಬರೇ ಮಾತಾಡುತ್ತಾರೆ, ಇನ್ನೊಂದು ಕಡೆ ಎಲ್ಲಾ ನಿಮ್ಮ ವಯಸ್ಸಿನವರು. ನಾಲ್ಕೈದು ಕಡೆ ಕೂತು ಬನ್ನಿ. ಆಮೇಲೆ ಯಾರ ಮಾತು ಹಿಡಿಸಿತೋ ಅವರ ನಂಬರ್ ಕೇಳಿ. ಸ್ಪಾನ್ಸರ್ ಅಂತ, ಅಂದರೆ ಮೊದಲೇ ಕುಡಿತ ಬಿಟ್ಟು ದಾರಿ ತೋರಿಸುವ ಒಬ್ಬರನ್ನು ಇಟ್ಟುಕೊಳ್ಳುವ ರೂಢಿ ಇದೆ, ರಾತ್ರಿ ಕೈ ಬಾಟಲಿ ಕಡೆಗೆ ಹೋದಾಗ ಫೋನ್ ಮಾಡೋಕೆ ಒಬ್ಬರು ಬೇಕು. ಗುಂಪಿನಲ್ಲಿ ಯಾರಾದರೂ ‘ಮಾತ್ರೆ ತಗೊಂಡರೆ ಬಿಟ್ಟ ಹಾಗಲ್ಲ’ ಅಂದರೆ ಆ ಕಿವಿಯಲ್ಲಿ ಕೇಳಿ ಈ ಕಿವಿಯಲ್ಲಿ ಬಿಡಿ. ಮಾತ್ರೆ ನಿಮ್ಮ ಮತ್ತು ಡಾಕ್ಟರ ನಡುವಿನ ಮಾತು.

ಪ್ರಶ್ನೆ: ನನ್ನ ಗಂಡ ಕೆಲವು ತಿಂಗಳು ಮೀಟಿಂಗಿಗೆ ಹೋಗುತ್ತಿದ್ದರು, ಚೆನ್ನಾಗಿದ್ದರು. ಹೋದ ವಾರ ಮತ್ತೆ ಕುಡಿದರು. ಈಗ ‘ಯಾವ ಮುಖ ಇಟ್ಕೊಂಡು ಹೋಗಲಿ’ ಅಂತ ಮನೆಯಲ್ಲೇ ಕೂತಿದ್ದಾರೆ. ನಾನೇ ಎಳೆದುಕೊಂಡು ಹೋಗಲಾ?

ಉತ್ತರ: ಎಳೆಯಬೇಡಿ. ಆ ಗುಂಪಿನಲ್ಲಿ ಮತ್ತೆ ಕುಡಿದು ವಾಪಸ್ ಬಂದವರು ಇದ್ದೇ ಇರುತ್ತಾರೆ, ಅವರಲ್ಲಿ ಒಬ್ಬರಿಗೆ ಫೋನ್ ಮಾಡಿ ಅಂತ ಮಾತ್ರ ಒಂದು ಸಲ ಹೇಳಿ ನೋಡಿ. ಮತ್ತೆ ದಿನಾ ಕುಡಿಯೋಕೆ ಶುರು ಮಾಡಿದ್ದರೆ, ಡಾಕ್ಟರ ಬಗ್ಗೆ ಮೇಲೆ ಬರೆದದ್ದು ಅವರಿಗೂ ಅನ್ವಯಿಸುತ್ತದೆ. ನಿಮಗಾಗಿಯೇ ಇರುವ ಗುಂಪು ಅಲ್-ಅನಾನ್, ಕುಡಿಯುವವರ ಮನೆಯವರಿಗೆ ಅಂತ 1951ರಲ್ಲಿ ಶುರುವಾದದ್ದು, ಬಿಲ್ ವಿಲ್ಸನ್ ಹೆಂಡತಿ ಲೋಯಿಸ್ ಅದನ್ನು ಕಟ್ಟಿದವರಲ್ಲಿ ಒಬ್ಬರು. ಅವರು ಹೋಗಲಿ ಬಿಡಲಿ, ನೀವು ಈ ವಾರವೇ ಹೋಗಬಹುದು, ಅದಕ್ಕೆ ಅವರ ಒಪ್ಪಿಗೆ ಬೇಕಾಗಿಲ್ಲ.