ನಿಮ್ಮ ಪೊಟ್ಯಾಸಿಯಂ ಲೇಖನದ ಎರಡು ವಾಕ್ಯಗಳು

ಮಾನ್ಯರೇ,

‘ಪೊಟ್ಯಾಸಿಯಂ ಅತಿಯಾದರೆ ಅಪಾಯ’ ಎಂಬ ನಿಮ್ಮ ಲೇಖನ ತಲುಪಿದೆ. ಭಾಷೆ ತಿಳಿಯಾಗಿದೆ, ವಿಷಯ ವಿಜಯಪುರದ ನಮ್ಮ ಓದುಗರಿಗೆ ಬೇಕಾದದ್ದೇ. ಆದರೂ ಅದನ್ನು ಇದ್ದ ಹಾಗೆಯೇ ಅಚ್ಚಿಗೆ ಕಳಿಸಲು ನನ್ನ ಮನಸ್ಸು ಒಪ್ಪುತ್ತಿಲ್ಲ.

‘ಕೈಕಾಲು ಸೋತು ಎದೆ ಡವಗುಟ್ಟಿದಾಗ ತಡಮಾಡದೆ ವೈದ್ಯರನ್ನು ಕಾಣಿರಿ’ ಎಂದು ಬರೆದಿದ್ದೀರಿ. ಲಕ್ಷಣಗಳೇನೋ ನಿಜ. ಆದರೆ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತಿರುವುದು ಅನೇಕರಿಗೆ ಗೊತ್ತೇ ಆಗುವುದಿಲ್ಲ. ಕೆಲವರಲ್ಲಿ ಹೃದಯದ ಲಯ ತಪ್ಪುವುದೇ ಮೊದಲ ಲಕ್ಷಣವಾಗಿರುತ್ತದೆ. ಸಾಮಾನ್ಯವಾಗಿ ಲೀಟರ್ ರಕ್ತದ್ರವಕ್ಕೆ 3.5ರಿಂದ 5 ಮಿಲಿಮೋಲ್ ಇರಬೇಕಾದ ಪೊಟ್ಯಾಸಿಯಂ 6.5 ದಾಟಿತೆಂದರೆ ಹೃದಯವೇ ನಿಂತುಹೋಗುವ ಭಯವಿರುವುದರಿಂದ ವೈದ್ಯರು ಅದನ್ನು ತುರ್ತುಸ್ಥಿತಿ ಎಂದೇ ನೋಡುತ್ತಾರೆ. ನಿಮ್ಮ ವಾಕ್ಯವನ್ನು ನಂಬಿದವರು ಎದೆ ಡವಗುಟ್ಟುವವರೆಗೆ ಕಾಯುತ್ತಾರೆ. ಮೂತ್ರಪಿಂಡದ ತೊಂದರೆ ಇರುವವರು, ಪೊಟ್ಯಾಸಿಯಂ ಏರಿಸಬಲ್ಲ ಮಾತ್ರೆಗಳನ್ನು, ಎಂದರೆ ಬಿ.ಪಿ.ಗೆ ಟೆಲ್ಮಿಸಾರ್ಟನ್‌ನಂಥ ಮಾತ್ರೆಯನ್ನೋ ಹೃದಯದ ತೊಂದರೆಗೆ ಸ್ಪೈರೊನೊಲ್ಯಾಕ್ಟೋನ್ ಮಾತ್ರೆಯನ್ನೋ ನುಂಗುತ್ತಿರುವವರು ವೈದ್ಯರು ಹೇಳಿದ ಅವಧಿಗೆ ರಕ್ತಪರೀಕ್ಷೆ ಮಾಡಿಸಬೇಕು, ಹೆದರಿ ಮಾತ್ರೆಯನ್ನು ತಾವಾಗಿಯೇ ಬಿಡಬಾರದು ಎಂದು ಅಲ್ಲಿಯೇ ಬರೆಯಿರಿ.

‘ಬಾಳೆಹಣ್ಣು, ಎಳನೀರು ಮಿತಿಯಲ್ಲಿರಲಿ’ ಎಂಬುದು ಎರಡನೆಯ ವಾಕ್ಯ. ಯಾರಿಗೆ? ನಾನು ಪತ್ರಿಕೆಗೆ ಸೇರಿದ ಹೊಸದರಲ್ಲಿ ಆರೋಗ್ಯ ಪುಟ ನೋಡುತ್ತಿದ್ದ ಹಿರಿಯರು ಹಸ್ತಪ್ರತಿಯ ಅಂಚಿನಲ್ಲಿ ಕೆಂಪು ಶಾಯಿಯಿಂದ ಈ ಒಂದೇ ಪ್ರಶ್ನೆಯನ್ನು ಬರೆದು ಹಿಂದಿರುಗಿಸುತ್ತಿದ್ದರು. ಬಸ್ ನಿಲ್ದಾಣದಲ್ಲಿ ಪತ್ರಿಕೆ ಕೊಂಡು ಹಳ್ಳಿಗೆ ಹೋಗುವವರ ಮನೆಯಲ್ಲಿ ಅದನ್ನು ಬಿಡಿಸಿ ಹೇಳಲು ವೈದ್ಯರಿರುವುದಿಲ್ಲ, ಬರೆದವರೇ ಬಿಡಿಸಿ ಹೇಳಬೇಕು ಎನ್ನುತ್ತಿದ್ದರು. ಅವರ ಕೈಕೆಳಗೆ ಕಲಿತ ನನಗೆ ಇಂಥ ವಾಕ್ಯವನ್ನು ದಾಟಿ ಮುಂದಕ್ಕೆ ಓದಲು ಇಂದಿಗೂ ಆಗುವುದಿಲ್ಲ.

ಮೂತ್ರಪಿಂಡಗಳು ಚೆನ್ನಾಗಿರುವವರಲ್ಲಿ ಹೆಚ್ಚಾದ ಪೊಟ್ಯಾಸಿಯಂ ಮೂತ್ರದೊಂದಿಗೆ ಹೊರಗೆ ಹೋಗುತ್ತದೆ. ಊಟದ ಮೇಲೊಂದು ಬಾಳೆಹಣ್ಣು ತಿನ್ನುವ ರೈತನನ್ನು ನೀವು ಹೆದರಿಸಬೇಕಾಗಿಲ್ಲ. ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವವರ ಮಾತು ಬೇರೆ. ಅವರಿಗಾಗಿ ಬರೆಯುವಾಗ ನಮ್ಮ ತಿಕೋಟಾ ಸೀಮೆಯ ಒಣದ್ರಾಕ್ಷಿಯನ್ನು ನೀವು ಮರೆತದ್ದು ನನಗೆ ಬೇಸರ ತಂದಿತು: 100 ಗ್ರಾಂ ಬಾಳೆಹಣ್ಣಿನಲ್ಲಿ ಸುಮಾರು 360 ಮಿಲಿಗ್ರಾಂ ಪೊಟ್ಯಾಸಿಯಂ ಇದ್ದರೆ, ಅಷ್ಟೇ ತೂಕದ ಒಣದ್ರಾಕ್ಷಿಯಲ್ಲಿ ಸುಮಾರು 750 ಮಿಲಿಗ್ರಾಂ ಇರುತ್ತದೆ. ಆಸ್ಪತ್ರೆಯಲ್ಲಿರುವವರನ್ನು ನೋಡಲು ಹೋಗುವ ಬಂಧುಗಳು ಪ್ರೀತಿಯಿಂದ ಒಯ್ಯುವುದೂ ಅದನ್ನೇ.

ಲೇಖನದಲ್ಲಿ ಇದಕ್ಕಿಂತ ದೊಡ್ಡ ಕೊರತೆಯೆಂದರೆ ಉಪ್ಪಿನ ಮಾತು ಇಲ್ಲದಿರುವುದು. ಬಿ.ಪಿ.ಗೆ ಒಳ್ಳೆಯದೆಂದು ಮಾರುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಸೋಡಿಯಂ ಕ್ಲೋರೈಡಿನ ಒಂದು ಪಾಲಿನ ಬದಲು ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಹಲವರಿಗೆ ಅದರಿಂದ ಲಾಭವೇ ಇದೆ, ಆದರೆ ಬಿ.ಪಿ. ಇರುವವರಲ್ಲಿ ಎಷ್ಟೋ ಜನರಿಗೆ ಮೂತ್ರಪಿಂಡವೂ ಸೋತಿರುತ್ತದೆ, ಅವರು ಹೊತ್ತುಹೊತ್ತಿನ ಊಟದಲ್ಲಿ ಅದನ್ನೇ ಉಣ್ಣುತ್ತಾರೆ. ಅಂಥವರು ಪೊಟ್ಟಣದ ಹಿಂಬದಿಯನ್ನು ಓದಿ, ವೈದ್ಯರನ್ನು ಕೇಳಿಯೇ ಬಳಸಬೇಕೆಂಬ ಮಾತು ಲೇಖನದ ಮೊದಲ ಭಾಗದಲ್ಲಿಯೇ ಬರಲಿ. ತಿದ್ದಿ ಕಳಿಸಿ, ಪುಟದಲ್ಲಿ ಜಾಗ ಕಾದಿರಿಸುತ್ತೇನೆ.

ಸಂಪಾದಕ